ಕುದುರೆ ಬೆನ್ನೋ, ಫಿಜಿಯೋ ಮ್ಯಾಟೋ? ಸಿಪಿ ಇರುವವರಿಗೆ ಯಾವುದು, ಯಾವಾಗ

ಸೆರೆಬ್ರಲ್ ಪಾಲ್ಸಿ (ಸಿಪಿ, ಅಂದರೆ ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಚಲನೆಗೂ ಭಂಗಿಗೂ ಬರುವ ತೊಂದರೆ) ಇರುವ ಮಗುವಿನ ಮನೆಗೆ 'ಕುದುರೆ ಥೆರಪಿ' ಹೆಚ್ಚಾಗಿ ವಾಟ್ಸ್‌ಆ್ಯಪ್‌ ಮೂಲಕವೇ ಬರುತ್ತದೆ. ದೂರದ ನೆಂಟರೊಬ್ಬರು ಒಂದು ವಿಡಿಯೋ ಕಳಿಸುತ್ತಾರೆ. ಹೆಲ್ಮೆಟ್ ಹಾಕಿದ ಮಗು ಬಿಳಿ ಕುದುರೆಯ ಮೇಲೆ ನೆಟ್ಟಗೆ ಕೂತು ನಗುತ್ತಿರುತ್ತದೆ, ಕೆಳಗೆ 'ಇದನ್ನೂ ಒಮ್ಮೆ ನೋಡಿ' ಅಂತ ಒಂದು ಸಾಲು. ಅಲ್ಲಿಂದ ಮುಂದೆ ಅಪ್ಪ-ಅಮ್ಮ ಕೇಳುವುದು ಒಂದೇ ಪ್ರಶ್ನೆ: "ಕುದುರೆ ಮೇಲೆ ಕೂರಿಸಿದರೆ ನಮ್ಮ ಹುಡುಗ ನಡೀತಾನಾ?"

ಈ ಪ್ರಶ್ನೆಗೆ ಹೌದು ಅಂತಲೋ ಇಲ್ಲ ಅಂತಲೋ ಹೇಳುವವರನ್ನು ನಂಬಬೇಡಿ. ಕುದುರೆಯ ಹೆಸರಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಸೇವೆಗಳು ನಡೆಯುತ್ತವೆ. ಮೊದಲು ಅವನ್ನು ಬಿಡಿಸಿಕೊಂಡು ನೋಡಬೇಕು.

ಒಂದೇ ಹೆಸರು, ನಾಲ್ಕು ಕೆಲಸ

ಮೊದಲನೆಯದು ಹಿಪ್ಪೋಥೆರಪಿ. ಇಲ್ಲಿ ಮಗು ಸವಾರಿ ಕಲಿಯುವುದಿಲ್ಲ, ಲಗಾಮನ್ನೂ ಹಿಡಿಯುವುದಿಲ್ಲ. ತರಬೇತಾದ ಫಿಜಿಯೋ, ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ, ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವವರು) ಅಥವಾ ಸ್ಪೀಚ್ ಥೆರಪಿಸ್ಟ್ ಕುದುರೆಯ ನಡಿಗೆಯನ್ನು ತಮ್ಮ ಚಿಕಿತ್ಸೆಯ ಸಾಧನವಾಗಿ ಬಳಸುತ್ತಾರೆ. ಕುದುರೆ ಎಷ್ಟು ಬೇಗ ನಡೆಯಬೇಕು, ಯಾವಾಗ ನಿಲ್ಲಬೇಕು, ಎತ್ತ ತಿರುಗಬೇಕು, ಮಗು ಮುಂದೆ ಮುಖಮಾಡಿ ಕೂರಬೇಕೋ, ಹಿಂದಕ್ಕೋ, ಅಡ್ಡಕ್ಕೋ, ಎಲ್ಲವನ್ನೂ ತೀರ್ಮಾನಿಸುವುದು ಥೆರಪಿಸ್ಟ್.

ಎರಡನೆಯದು ಹೊಂದಿಸಿದ ಸವಾರಿ ತರಗತಿ. ಇಂಗ್ಲಿಷಿನವರು ಇದನ್ನು ಅಡಾಪ್ಟಿವ್ ಅಥವಾ ಥೆರಪ್ಯೂಟಿಕ್ ರೈಡಿಂಗ್ ಎನ್ನುತ್ತಾರೆ. ಕಲಿಸುವವರು ಸವಾರಿ ಶಿಕ್ಷಕರು. ಲಗಾಮು ಹಿಡಿಯುವುದು, ಕುದುರೆಗೆ ಆಜ್ಞೆ ಕೊಡುವುದು, ಕೆಲವೊಮ್ಮೆ ಅದರ ಮೈ ತಿಕ್ಕುವುದು ಕೂಡ ಪಾಠದ ಭಾಗ. ಇದು ಆಟ, ಕಲಿಕೆ ಮತ್ತು ವ್ಯಾಯಾಮ, ಚಿಕಿತ್ಸೆಯಲ್ಲ.

ಮೂರನೆಯದು ಸಿಮ್ಯುಲೇಟರ್, ಅಂದರೆ ಕುದುರೆಯ ಬೆನ್ನಿನ ಚಲನೆಯನ್ನು ಮೋಟಾರಿನಿಂದ ಅನುಕರಿಸುವ ಯಂತ್ರ. ನಾಲ್ಕನೆಯದು ಊಟಿಯ ಕೆರೆ ದಂಡೆಯಲ್ಲೋ ಬೀಚಿನಲ್ಲೋ ದುಡ್ಡು ಕೊಟ್ಟು ಹಾಕಿಸುವ ಒಂದು ಸುತ್ತು. ಅದನ್ನು ಥೆರಪಿ ಎಂದು ಯಾರೂ ಕರೆಯುವುದಿಲ್ಲ ಅಂದುಕೊಳ್ಳಬೇಡಿ, ಕರೆಯುತ್ತಾರೆ. ಹೆಲ್ಮೆಟ್ ಇಲ್ಲ, ಪಕ್ಕದಲ್ಲಿ ಹಿಡಿಯುವವರಿಲ್ಲ, ಆ ಕುದುರೆ ಯಾವ ಸದ್ದಿಗೆ ಬೆದರುತ್ತದೆ ಎಂಬ ಅಂದಾಜೂ ಇಲ್ಲ. ಕುತ್ತಿಗೆ ನಿಲ್ಲದ ಮಗುವನ್ನು ಅದರ ಮೇಲೆ ಕೂರಿಸುವುದು ಅಪಾಯ. ಅದರ ಬಗ್ಗೆ ಇಷ್ಟು ಸಾಕು.

ನಡಿಗೆಯಲ್ಲಿ ಏನಿದೆ

ಕುದುರೆ ಸಾವಧಾನವಾಗಿ ನಡೆಯುವಾಗ ಅದರ ಬೆನ್ನು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಹಿಂದೆ-ಮುಂದೆ ಆಡುತ್ತದೆ, ಜೊತೆಗೆ ತುಸು ತಿರುಗುತ್ತದೆ ಕೂಡ. ಮೇಲೆ ಕೂತವರ ಸೊಂಟಕ್ಕೆ ಸಿಗುವ ಈ ಚಲನೆ, ನಾವು ನಡೆಯುವಾಗ ನಮ್ಮ ಸೊಂಟ ಆಡುವ ರೀತಿಗೆ ತುಂಬ ಹತ್ತಿರ. ಎಂದೂ ಸ್ವತಂತ್ರವಾಗಿ ನಡೆಯದ ಮಗುವಿನ ಸೊಂಟಕ್ಕೂ ಬೆನ್ನಿಗೂ ನಡಿಗೆಯ ಲಯ ಹಾಗೆ ತಲುಪುತ್ತದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಅಂತ ಹಿಡಿದರೆ 20-25 ನಿಮಿಷಕ್ಕೆ 2000ದಿಂದ 2500 ಸಲ. ಪ್ರತಿ ಸಲವೂ ಮಗು ಬೀಳದಂತೆ ತನ್ನ ಮೈಯನ್ನು ತುಸು ಸರಿಪಡಿಸಿಕೊಳ್ಳಬೇಕು. ಕ್ಲಿನಿಕ್ಕಿನಲ್ಲಿ ದೊಡ್ಡ ಚೆಂಡಿನ ಮೇಲೆ ಕೂರಿಸಿ ಯಾವ ಫಿಜಿಯೋ ಕೂಡ ಇಷ್ಟು ಸಲ, ಇಷ್ಟು ಒಂದೇ ಸಮನಾಗಿ ಅಲುಗಿಸಲಾರರು.

ಇದರ ಜೊತೆ ಇನ್ನೆರಡು ಲಾಭಗಳಿವೆ. ಕುದುರೆಯ ಮೈಬಿಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್, ನಮಗಿಂತ ತುಸು ಹೆಚ್ಚು. ಜೀನು ಹಾಕದೆ ಬರೀ ದಪ್ಪ ಪ್ಯಾಡ್ ಮೇಲೆ ಕೂರಿಸಿದರೆ ಆ ಬಿಸಿ ತೊಡೆಗೆ ತಾಗುತ್ತದೆ. ಕಾಲು ಅಗಲಿಸಿ ಕೂರುವುದರಿಂದ ತೊಡೆಯ ಒಳಬದಿಯ ಬಿಗಿ ಸ್ನಾಯುಗಳು ನಿಧಾನಕ್ಕೆ ಸಡಿಲವಾಗುತ್ತವೆ. ಕಾಲು ಕತ್ತರಿಯಂತೆ ಒಂದಕ್ಕೊಂದು ಹೆಣೆದುಕೊಳ್ಳುವ ಮಕ್ಕಳ ತಾಯಂದಿರು "ಕುದುರೆಯಿಂದ ಇಳಿದ ಮೇಲೆ ಡಯಾಪರ್ ಬದಲಿಸುವುದು ಸುಲಭ" ಎನ್ನುವುದು ಇದೇ ಕಾರಣಕ್ಕೆ. ಆದರೆ ಆ ಸಡಿಲ ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದೇ ನಿಜವಾದ ಪ್ರಶ್ನೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ 15 ಮಕ್ಕಳಲ್ಲಿ ಕೆಲವರನ್ನು ನಡೆಯುವ ಕುದುರೆಯ ಮೇಲೂ ಉಳಿದವರನ್ನು ನಿಂತ ಪೀಪಾಯಿಯ ಮೇಲೂ 8 ನಿಮಿಷ ಕೂರಿಸಿದ್ದರು. ಎಡ-ಬಲ ಸ್ನಾಯುಗಳ ಏರುಪೇರು ಕಡಿಮೆಯಾದದ್ದು ಕುದುರೆಯ ಗುಂಪಿನಲ್ಲಿ. ಅಂದರೆ ಕೆಲಸ ಮಾಡುವುದು ಬರೀ ಕಾಲಗಲಿಸಿ ಕೂರುವ ಭಂಗಿಯಲ್ಲ, ಚಲನೆ. ಆದರೂ 8 ನಿಮಿಷದ ಬದಲಾವಣೆಯಿಂದ ಎಂಟು ತಿಂಗಳ ಭರವಸೆ ಕೊಡಲು ಆಗದು.

ಥೆರಪಿಸ್ಟ್ ಇರುವ ಕುದುರೆ, ಶಿಕ್ಷಕರಿರುವ ಕುದುರೆ

ಆಯ್ಕೆ ಕಷ್ಟವಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಕೊರಿಯಾದಲ್ಲಿ 92 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಪ್ಪೋಥೆರಪಿ ಕೊಟ್ಟದ್ದು ವಾರಕ್ಕೆ ಎರಡು ಸಲ, ಸಲಕ್ಕೆ 30 ನಿಮಿಷ, 8 ವಾರ. ಇನ್ನೊಂದು ಗುಂಪಿನವರು ಮನೆಯಲ್ಲೇ ವ್ಯಾಯಾಮ ಮಾಡಿದರು. ಕುದುರೆ ಗುಂಪಿನ ಮಕ್ಕಳ ಚಲನಶಕ್ತಿ ಮತ್ತು ಸಮತೋಲನ ಎರಡೂ ಹೆಚ್ಚು ಸುಧಾರಿಸಿದವು. ಪೋಷಕರು ಗಮನಿಸಬೇಕಾದ ಮಾತು ಇನ್ನೂ ಒಂದಿದೆ: ಸುಧಾರಣೆ ಎಲ್ಲ ಮಕ್ಕಳಲ್ಲೂ ಒಂದೇ ಜಾಗದಲ್ಲಿ ಆಗಲಿಲ್ಲ. ಸ್ವತಂತ್ರವಾಗಿ ನಡೆಯುವ ಮಕ್ಕಳಿಗೆ ಲಾಭ ಕಂಡದ್ದು ನಡಿಗೆ, ಓಟ, ನೆಗೆತದಲ್ಲಿ. ಗಾಲಿಕುರ್ಚಿಯ ಆಸರೆ ಹೆಚ್ಚು ಬೇಕಾದವರಿಗೆ ಕೂರುವುದರಲ್ಲಿ, ಅಂಬೆಗಾಲು ಮತ್ತು ಮಂಡಿಯೂರುವುದರಲ್ಲಿ. ಮಗು ಈಗ ಏರುತ್ತಿರುವ ಮೆಟ್ಟಿಲನ್ನು ಕುದುರೆ ಗಟ್ಟಿ ಮಾಡುತ್ತದೆ, ನಡುವಿನ ಮೆಟ್ಟಿಲುಗಳನ್ನು ಹಾರಿಸುವುದಿಲ್ಲ. "ನಡೀತಾನಾ?" ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನ ಬಳಿ ಇಲ್ಲ.

ಇದರ ಪಕ್ಕದಲ್ಲಿ ಆಸ್ಟ್ರೇಲಿಯಾದ 2009ರ ಅಧ್ಯಯನ ಇಡಿ. ಅಲ್ಲಿ 99 ಮಕ್ಕಳು ಸೇರಿದ್ದರು, ಎಲ್ಲರೂ ತಕ್ಕಮಟ್ಟಿಗೆ ಓಡಾಡುವವರು. ಒಂದು ಗುಂಪಿಗೆ 10 ವಾರ ಸವಾರಿ ತರಗತಿ. ಕೊನೆಯಲ್ಲಿ ಅಳೆದಾಗ ಚಲನಶಕ್ತಿಯಲ್ಲಾಗಲಿ ಆರೋಗ್ಯದಲ್ಲಾಗಲಿ ಜೀವನಮಟ್ಟದಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡೂ ಅಧ್ಯಯನಗಳ ದೇಶ, ಮಕ್ಕಳು, ಅವಧಿ ಬೇರೆ ಬೇರೆ, ನೇರ ಹೋಲಿಕೆ ಸಲ್ಲದು. ಆದರೂ ನನ್ನ ಅಭಿಪ್ರಾಯಕ್ಕೆ ಇವು ಬಲ ಕೊಡುತ್ತವೆ: ಮೈಯಲ್ಲಿ ಬದಲಾವಣೆ ಬೇಕಿದ್ದರೆ ಕುದುರೆಯ ಪಕ್ಕದಲ್ಲಿ ಥೆರಪಿಸ್ಟ್ ಇರಬೇಕು. ಸವಾರಿ ಶಿಕ್ಷಕರೊಬ್ಬರೇ ಇದ್ದು 'ಇದೂ ಥೆರಪಿಯೇ' ಎಂದರೆ, ನೀವು ಕೊಳ್ಳುತ್ತಿರುವುದು ಬೇರೆ ಸರಕು.

ಹಾಗಂತ ಸವಾರಿ ತರಗತಿಯನ್ನು ಕೀಳಾಗಿ ನೋಡಬೇಡಿ. ಪೋಲಿಯೋದಿಂದ ಮಂಡಿಯ ಕೆಳಗೆ ಶಕ್ತಿ ಕಳೆದುಕೊಂಡ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯ ಬೆಳ್ಳಿ ಗೆದ್ದ ಮೇಲೆಯೇ ಯುರೋಪಿನಲ್ಲಿ ಅಂಗವಿಕಲರ ಸವಾರಿಗೆ ಜೀವ ಬಂದದ್ದು. ಬ್ರಿಟನ್ನಿನ ಸೋಫಿ ಕ್ರಿಸ್ಟಿಯನ್ಸನ್‌ಗೆ ಹುಟ್ಟಿನಿಂದಲೇ ಸಿಪಿ. ಆರನೇ ವಯಸ್ಸಿಗೆ ಫಿಜಿಯೋ ಉದ್ದೇಶದಿಂದ ಕುದುರೆ ಹತ್ತಿದವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದರು. ಥೆರಪಿ ಎಂದರೆ ಮುಖ ತಿರುಗಿಸುವ ಹನ್ನೆರಡರ ಹುಡುಗಿ, ತಾನೇ ಲಗಾಮು ಹಿಡಿದು 450 ಕಿಲೋ ಪ್ರಾಣಿಯನ್ನು ನಿಲ್ಲಿಸಿದಾಗ ಅವಳಿಗೆ ಸಿಗುವುದನ್ನು ಯಾವ ಅಂಕಪಟ್ಟಿಯೂ ಹಿಡಿಯುವುದಿಲ್ಲ. ಅದನ್ನೇ ಬಯಸಿ ಹೋಗಿ, ಖುಷಿಯಾಗಿ ಹೋಗಿ. ಸ್ನಾಯು ಬಿಗಿತ ಇಳಿಯಲಿಲ್ಲ ಅಂತ ಆಮೇಲೆ ಲೆಕ್ಕ ಕೇಳಬೇಡಿ, ಅಷ್ಟೇ.

ಯಂತ್ರದ ಕುದುರೆ

ಸ್ಪೇನ್‌ನಲ್ಲಿ 38 ಮಕ್ಕಳ ಮೇಲೆ ಸಿಮ್ಯುಲೇಟರ್ ಪರೀಕ್ಷಿಸಿದಾಗ ಕೂತಲ್ಲಿನ ಸಮತೋಲನ ಸುಧಾರಿಸಿತು, ಒಟ್ಟಾರೆ ಚಲನಶಕ್ತಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಯಂತ್ರಕ್ಕೆ ಧೂಳಿಲ್ಲ, ಕೂದಲಿಲ್ಲ, ಮಳೆಗಾಲದ ರಜೆಯಿಲ್ಲ, ಬೆದರುವುದೂ ಇಲ್ಲ. ಉಸಿರಾಟದ ಅಲರ್ಜಿ ಇರುವ ಅಥವಾ ಪ್ರಾಣಿ ಕಂಡರೆ ಮೈಯೆಲ್ಲ ಸೆಟೆದುಕೊಳ್ಳುವ ಮಗುವಿಗೆ ಇದು ಒಳ್ಳೆಯ ದಾರಿ. ನಗರದ ರಿಹ್ಯಾಬ್ ಕೇಂದ್ರದಲ್ಲಿ ಇದ್ದರೆ ಬಳಸಿ. ಆದರೆ ಮೈಬಿಸಿ ಇಲ್ಲ, ಹೆಜ್ಜೆ ಹೆಜ್ಜೆಗೂ ತುಸು ಬದಲಾಗುವ ಜೀವಂತ ಲಯವಿಲ್ಲ, ಮಗು ಮೂರನೇ ವಾರಕ್ಕೆ ಬೇಸರಪಟ್ಟುಕೊಳ್ಳುವ ಸಂಭವವೂ ಹೆಚ್ಚು. ಮನೆಗೆ ಕೊಳ್ಳಬೇಕೇ ಎಂದು ಕೇಳಿದರೆ, ಬೇಡ ಅನ್ನುತ್ತೇನೆ. ಅದೇ ದುಡ್ಡಿಗೆ ಮಗುವಿನ ಅಳತೆಗೆ ಮಾಡಿಸಿದ ಒಳ್ಳೆಯ ಕುರ್ಚಿ ದಿನಕ್ಕೆ ಆರು ಗಂಟೆ ಕೆಲಸಕ್ಕೆ ಬರುತ್ತದೆ.

ನೆಲದ ಮೇಲಿನ ಥೆರಪಿಯ ಎದುರು

ಸಿಪಿ ಚಿಕಿತ್ಸೆಗಳನ್ನೆಲ್ಲ ಹಸಿರು, ಹಳದಿ, ಕೆಂಪು ದೀಪಗಳಾಗಿ ವಿಂಗಡಿಸಿದ ಐಯೋನಾ ನೋವಾಕ್ ಮತ್ತು ಸಂಗಡಿಗರ 2020ರ ವಿಮರ್ಶೆಯಲ್ಲಿ ಹಿಪ್ಪೋಥೆರಪಿ ಹಸಿರು ಪಟ್ಟಿಯಲ್ಲಿದೆ, ಅಂದರೆ ಪುರಾವೆ ಇದೆ, ಮಾಡಬಹುದು ಎಂಬ ಗುಂಪಿನಲ್ಲಿ. ಕುದುರೆ ಕೇಂದ್ರಗಳು ಈ ಮಾತನ್ನು ಖಂಡಿತ ಹೇಳುತ್ತವೆ. ಅದೇ ಪಟ್ಟಿಯಲ್ಲಿ ಗುರಿ ಇಟ್ಟುಕೊಂಡು ಮಾಡುವ ಅಭ್ಯಾಸ, ಮನೆಯ ಕಾರ್ಯಕ್ರಮ, ಟ್ರೆಡ್‌ಮಿಲ್ ನಡಿಗೆ, ಸ್ನಾಯುಬಲ ತರಬೇತಿ ಕೂಡ ಇವೆ ಎಂಬುದನ್ನು ಹೇಳುವವರು ಕಡಿಮೆ. ಇವುಗಳಲ್ಲಿ ಹೆಚ್ಚಿನವು ಮನೆಯಲ್ಲಿ, ಶಾಲೆಯಲ್ಲಿ, ಹತ್ತಿರದ ಕೇಂದ್ರದಲ್ಲಿ ಆಗುವಂಥವು.

ಚಮಚ ಹಿಡಿದು ಉಣ್ಣುವುದನ್ನು ಕಲಿಯಬೇಕಾದ ಮಗು ಚಮಚ ಹಿಡಿದೇ ಕಲಿಯಬೇಕು. ಮಂಚದಿಂದ ಕುರ್ಚಿಗೆ ದಾಟುವುದನ್ನು ದಾಟಿ ದಾಟಿಯೇ ಕಲಿಯಬೇಕು. ಕುದುರೆ ಬೆನ್ನಿಗೆ ಬಲ ಕೊಟ್ಟು ಆ ಕಲಿಕೆಗೆ ನೆಲ ಹದ ಮಾಡಬಹುದು, ಬಿತ್ತನೆ ಮನೆಯಲ್ಲೇ ಆಗಬೇಕು. ಹಾಗಾಗಿ ಕುದುರೆಗೆ ಹೋಗಲೆಂದು ವಾರದ ಎರಡು ಫಿಜಿಯೋ ಸೆಷನ್ ಬಿಡಿಸುವುದಾದರೆ ಬೇಡವೇ ಬೇಡ. ಇರುವುದಕ್ಕೆ ಕುದುರೆಯನ್ನು ಸೇರಿಸಲು ಆಗುತ್ತದೆಯೇ ಎಂದು ನೋಡಿ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ಐದಾರು ವರ್ಷ ಮ್ಯಾಟ್ ಮೇಲೆ ಅದೇ ಎಳೆತ, ಅದೇ ಅಳು ಕಂಡ ಮಗು ಥೆರಪಿ ಕೋಣೆಯ ಬಾಗಿಲಲ್ಲೇ ಸೆಟೆದುಕೊಳ್ಳುತ್ತದೆ. ಅಂಥ ಮಗುವಿಗೆ ಎರಡು ತಿಂಗಳು ಕುದುರೆ ಸಿಕ್ಕರೆ ಸ್ನಾಯುಗಳಿಗಿಂತ ಮನಸ್ಸಿಗೆ ಹೆಚ್ಚು ಲಾಭ. ಅದೂ ಸಣ್ಣದಲ್ಲ.

ಹತ್ತಿಸುವ ಮುಂಚೆ ಸೊಂಟದ ಎಕ್ಸ್‌ರೇ

ಈ ಲೇಖನದಲ್ಲಿ ಒಂದೇ ಭಾಗ ಓದುವ ಸಮಯವಿದ್ದರೆ ಇದನ್ನು ಓದಿ.

ಸಿಪಿ ಇರುವ ಹಲವು ಮಕ್ಕಳಲ್ಲಿ ತೊಡೆಮೂಳೆಯ ತಲೆ ಸೊಂಟದ ಗುಳಿಯಿಂದ ನಿಧಾನಕ್ಕೆ ಹೊರಗೆ ಸರಿಯುತ್ತದೆ, ಎಷ್ಟೋ ಸಲ ನೋವೇ ಇಲ್ಲದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮಕ್ಕಳ ಮೇಲಿನ 2006ರ ಅಧ್ಯಯನದಲ್ಲಿ ಹೀಗೆ ಸರಿದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ. ಚೆನ್ನಾಗಿ ನಡೆಯುವ ಮೊದಲ ಹಂತದ ಮಕ್ಕಳಲ್ಲಿ ಯಾರಿಗೂ ಇರಲಿಲ್ಲ, ಪೂರ್ತಿ ಅವಲಂಬಿಸಿರುವ ಐದನೇ ಹಂತದವರಲ್ಲಿ 90 ಶೇಕಡಾ. ಅರ್ಧ ಜಾರಿದ ಕೀಲಿನ ಮಗುವನ್ನು ಅಗಲವಾದ ಬೆನ್ನಿನ ಮೇಲೆ ಕಾಲು ಚಾಚಿ ಕೂರಿಸಿದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಇತ್ತೀಚಿನ ಎಕ್ಸ್‌ರೇ ಮತ್ತು ಮೂಳೆ ವೈದ್ಯರ ಒಪ್ಪಿಗೆ ಕೇಳದೆ ಮಗುವನ್ನು ಹತ್ತಿಸುವ ಕೇಂದ್ರ ಎಷ್ಟು ಸುಂದರವಾಗಿದ್ದರೂ ವಾಪಸ್ ಬನ್ನಿ.

ಹಿಡಿತಕ್ಕೆ ಬಾರದ ಫಿಟ್ಸ್, ತೀವ್ರವಾಗಿ ಬಾಗಿದ ಬೆನ್ನೆಲುಬು, ಇತ್ತೀಚಿನ ಶಸ್ತ್ರಚಿಕಿತ್ಸೆ, ಮುರಿಯುವಷ್ಟು ಸವೆದ ಮೂಳೆ, ಕೂತ ಜಾಗದಲ್ಲಿ ಗಾಯ, ಕುದುರೆ ಕೂದಲಿಗೆ ಜೋರು ಅಲರ್ಜಿ ಇದ್ದರೂ ಸದ್ಯಕ್ಕೆ ಬೇಡ. ಹೆಲ್ಮೆಟ್ಟಿನ ಭಾರ ಹೊತ್ತು ತಲೆ ನಿಲ್ಲಿಸಲಾಗದ ದೊಡ್ಡ ಮಗುವಿನ ವಿಷಯದಲ್ಲೂ ಥೆರಪಿಸ್ಟ್ ಎರಡು ಸಲ ಯೋಚಿಸಬೇಕು. ಪುಟ್ಟ ಮಗುವಾದರೆ ಹಿಂದೆ-ಮುಂದೆ ಹಿಡಿದು ಸಂಭಾಳಿಸಬಹುದು. 30 ಕಿಲೋ ಹುಡುಗ ಒಮ್ಮೆಲೇ ಸೆಟೆದು ಹಿಂದಕ್ಕೆ ಬಿದ್ದರೆ ಪಕ್ಕದವರಿಗೆ ತಡೆಯಲು ಅರೆಕ್ಷಣವೂ ಸಿಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಸಿಪಿಯನ್ನು ಐದು ಹಂತಗಳಾಗಿ ನೋಡುವ ಜಿಎಂಎಫ್‌ಸಿಎಸ್ ಎಂಬ ಮಾಪನ 1997ರಿಂದ ಬಳಕೆಯಲ್ಲಿದೆ. ನಿಮ್ಮ ಮಗುವಿನ ಹಂತ ಯಾವುದು ಎಂದು ನಿಮ್ಮ ಫಿಜಿಯೋ ಒಂದೇ ಮಾತಿನಲ್ಲಿ ಹೇಳಬಲ್ಲರು.

ಮೂರು ಅಥವಾ ನಾಲ್ಕನೇ ಹಂತ, ವಯಸ್ಸು ಮೂರರಿಂದ ಹತ್ತು, ತಲೆ ನಿಲ್ಲುತ್ತದೆ ಆದರೆ ಬೆನ್ನು ಕುಸಿಯುತ್ತದೆ, ಸೊಂಟದ ಎಕ್ಸ್‌ರೇ ಚೆನ್ನಾಗಿದೆ: ಹಿಪ್ಪೋಥೆರಪಿಗೆ ಇವರಿಗಿಂತ ತಕ್ಕವರಿಲ್ಲ. ಒಂದು, ಎರಡನೇ ಹಂತದ ದೊಡ್ಡ ಮಕ್ಕಳಿಗೆ ಸವಾರಿ ತರಗತಿಯೇ ಚೆಂದ. ಅರ್ಧ ಮೈ ಮಾತ್ರ ಬಿಗಿ ಇರುವ ಮಗು ಎರಡೂ ಕೈಯಲ್ಲಿ ಲಗಾಮು ಹಿಡಿಯಲೇಬೇಕಾದಾಗ ದುರ್ಬಲ ಕೈಗೂ ಕೆಲಸ ಸಿಗುತ್ತದೆ. ಐದನೇ ಹಂತದವರ ಪೋಷಕರಿಗೆ ಕಹಿ ಎನಿಸಿದರೂ ಹೇಳುತ್ತೇನೆ: ಬಹುಪಾಲು ಮಕ್ಕಳಿಗೆ ಕುದುರೆಗಿಂತ ಮೊದಲು ಸರಿಯಾದ ಆಸನ, ನಿಲ್ಲಿಸುವ ಚೌಕಟ್ಟು, ಸೊಂಟದ ನಿಗಾ, ನುಂಗುವ ಸಮಸ್ಯೆಗೆ ಚಿಕಿತ್ಸೆ ಬೇಕು. ತಾನೇ ತಾನಾಗಿ ಕೈಕಾಲು ಆಡುವ ಬಗೆಯ ಸಿಪಿಯಲ್ಲಿ ಫಲ ಊಹಿಸುವುದು ಕಷ್ಟ, ಮೂರು ನಾಲ್ಕು ಸಲ ನೋಡಿ ತೀರ್ಮಾನಿಸಿ.

ವಯಸ್ಕರನ್ನು ಎಲ್ಲರೂ ಮರೆಯುತ್ತಾರೆ. ಕುದುರೆ ಹೊರಬಹುದಾದ ಭಾರವನ್ನು ಸಾಮಾನ್ಯವಾಗಿ ಅದರ ತೂಕದ ಐದನೇ ಒಂದು ಭಾಗ ಎಂದು ಲೆಕ್ಕ ಹಾಕುತ್ತಾರೆ, ಜೀನಿನ ಭಾರವೂ ಸೇರಿ. 400 ಕಿಲೋ ಕುದುರೆಗೆ 80 ಕಿಲೋ. ಸಮತೋಲನ ಕಡಿಮೆ ಇರುವ ಸವಾರರಾದರೆ ಅದಕ್ಕಿಂತ ಕೆಳಗೇ ಇರಲಿ. ಹತ್ತಿಸಲು ಇಳಿಜಾರು ಕಟ್ಟೆ ಇಲ್ಲದ ಕಡೆ ವಯಸ್ಕರಿಗೆ ಅವಕಾಶವೇ ಇಲ್ಲ ಅನ್ನಿ.

ಲಾಯದಲ್ಲಿ ಕಣ್ಣಿಡಬೇಕಾದ್ದು

ಮೊದಲ ದಿನ ಮಗುವನ್ನು ಮನೆಯಲ್ಲೇ ಬಿಟ್ಟು ನೀವಷ್ಟೇ ಹೋಗಿ, ಬೇರೊಂದು ಮಗುವಿನ ಸೆಷನ್ ನೋಡಿ. ಕುದುರೆ ಹಿಡಿಯುವವರೊಬ್ಬರು, ಮಗುವಿನ ಎರಡೂ ಬದಿಗೆ ಒಬ್ಬೊಬ್ಬರು, ಅವರಲ್ಲಿ ಒಬ್ಬರು ಥೆರಪಿಸ್ಟ್ ಅಥವಾ ಅವರು ಪ್ರತ್ಯೇಕ. ಇದಕ್ಕಿಂತ ಕಡಿಮೆ ಜನ ಇದ್ದರೆ ಕಾರಣ ಕೇಳಿ. ಥೆರಪಿಸ್ಟ್ ಕುದುರೆ ಹಿಡಿದವರಿಗೆ "ನಿಧಾನ", "ನಿಲ್ಲಿಸಿ", "ಎಡಕ್ಕೆ ಸುತ್ತು ಹಾಕಿ" ಎಂದು ಹೇಳುತ್ತಿದ್ದಾರೆಯೇ? ನಿಂತು ಮತ್ತೆ ಹೊರಡುವಾಗ ಮಗು ಮುಂಚಿತವಾಗಿ ಮೈ ಬಿಗಿಮಾಡಿಕೊಳ್ಳುವುದನ್ನು ಕಲಿಯುತ್ತದೆ. ಸುತ್ತು ಹಾಕುವಾಗ ಭಾರ ಒಂದು ಬದಿಗೆ ಬೀಳುತ್ತದೆ. ಇಪ್ಪತ್ತು ನಿಮಿಷವೂ ಬರೀ ನೇರ ಸುತ್ತು, ಎಲ್ಲರ ಕೈಯಲ್ಲೂ ಮೊಬೈಲ್ ಎಂದಾದರೆ ಅದು ಹಿಪ್ಪೋಥೆರಪಿಯಲ್ಲ.

ಕುದುರೆಯನ್ನೂ ನೋಡಿ. ನಮ್ಮ ಸವಾರಿ ಶಾಲೆಗಳಿಗೆ ರೇಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು ಬಹಳ ಬರುತ್ತವೆ. ಎಲ್ಲವೂ ಸಿಡುಕಿನವಲ್ಲ, ಆದರೆ ಈ ಕೆಲಸಕ್ಕೆ ಬೇಕಾದ ತಾಳ್ಮೆ ತರಬೇತಿಯಿಂದ ಬಂದಿರಬೇಕು. ಮಾರ್ವಾಡಿ ತಳಿಯ ಕೆಲವು ಕುದುರೆಗಳಿಗೆ ರೇವಾಲ್ ಎಂಬ ಸುಖದ ಓಟವಿದೆ, ದೂರದ ಸವಾರಿಗೆ ಹಿತ. ನಮಗೆ ಬೇಕಾದ್ದು ಸೊಂಟವನ್ನು ಆಡಿಸುವ, ಎಡ-ಬಲ ಒಂದೇ ಸಮನಾದ ನಡಿಗೆ. ಕುಂಟುವ ಕುದುರೆ ಮಗುವಿನ ಮೈಗೆ ಕುಂಟುವ ಲಯವನ್ನೇ ಕಲಿಸುತ್ತದೆ. ಕಿವಿ ಹಿಂದಕ್ಕೆ ಮಡಚಿ ಬಾಲ ಬೀಸುತ್ತಿದ್ದರೆ ಅದಕ್ಕೆ ಆ ದಿನದ ಕೆಲಸ ಸಾಕಾಗಿದೆ ಅಂತ ಅರ್ಥ.

ದುಡ್ಡು ಮತ್ತು ದೂರ

ಒಂದು ಕುದುರೆಗೆ ಮೇವು, ಲಾಳ, ವೈದ್ಯರು, ಜೊತೆಗೆ ಪ್ರತಿ ಸೆಷನ್‌ಗೆ ಮೂರು ನಾಲ್ಕು ಜನ. ಹಾಗಾಗಿ ಕ್ಲಿನಿಕ್ಕಿಗಿಂತ ದುಬಾರಿಯಾಗುವುದು ಸಹಜ. ತುಂಬ ಅಗ್ಗವಾಗಿದ್ದರೆ ಒಂದೋ ದಾನಿಗಳಿದ್ದಾರೆ, ಇಲ್ಲವೇ ಜನ ಕಡಿಮೆ ಇದ್ದಾರೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಸಿಪಿ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದ್ದು, ಥೆರಪಿಗೆ ಒಳಮಿತಿ ಇದೆ. ಕುದುರೆಯ ಬಿಲ್ಲಿಗೆ ಹಣ ಸಿಗುತ್ತದೆಯೇ ಎಂದು ಸೇರುವ ಮುಂಚೆಯೇ ಕೇಳಿ. ಜಿಲ್ಲಾ ಆಸ್ಪತ್ರೆಗಳ ಡಿಇಐಸಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ) ಕೇಂದ್ರಗಳಲ್ಲಿ ಸಾಮಾನ್ಯ ಥೆರಪಿ ಉಚಿತ. ಹಾವೇರಿಯಿಂದಲೋ ಚಿತ್ರದುರ್ಗದಿಂದಲೋ ಕುದುರೆಗಾಗಿ ವಾರಕ್ಕೆ ಎರಡು ಸಲ ಬೆಂಗಳೂರಿಗೆ ಬರುವ ಯೋಚನೆ ಇದ್ದರೆ ಬಿಡಿ. ಗಂಟೆಗಟ್ಟಲೆ ಬಸ್ಸಿನಲ್ಲಿ ಬಾಗಿ ಕೂತ ಮೈಗೆ ಅರ್ಧ ಗಂಟೆಯ ಕುದುರೆ ಏನೂ ಮಾಡಲಾರದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಥೆರಪಿಸ್ಟ್ ತಮ್ಮ ಫಿಜಿಯೋ ಅಥವಾ ಓಟಿ ಸೇವೆಯ ಭಾಗವಾಗಿ ಕುದುರೆ ಬಳಸಿದರೆ ವಿಮೆ ಒಪ್ಪುವ ಸಾಧ್ಯತೆ ಇದೆ. 'ಹಿಪ್ಪೋಥೆರಪಿ' ಎಂದೇ ಬಿಲ್ ಮಾಡಿದರೆ ಪ್ರಾಯೋಗಿಕ ಎಂದು ತಳ್ಳಿಹಾಕುವ ಕಂಪನಿಗಳು ಹಲವು. ಬ್ರಿಟನ್ನಿನಲ್ಲಿ 1969ರಿಂದ ಇರುವ ಆರ್‌ಡಿಎ (ರೈಡಿಂಗ್ ಫಾರ್ ದ ಡಿಸೇಬಲ್ಡ್ ಅಸೋಸಿಯೇಷನ್, ಅಂಗವಿಕಲರಿಗಾಗಿ ಸವಾರಿ ನಡೆಸುವ ಸಂಸ್ಥೆ) ಗುಂಪುಗಳು ಸ್ವಯಂಸೇವಕರಿಂದ ನಡೆಯುತ್ತವೆ. ಖರ್ಚು ಕಡಿಮೆ, ಸರದಿ ಉದ್ದ.

ಎಷ್ಟು ದಿನ, ಹೇಗೆ ಅಳೆಯುವುದು

ಎಂಟರಿಂದ ಹತ್ತು ವಾರಕ್ಕೆ ಮಾತ್ರ ಒಪ್ಪಿಕೊಳ್ಳಿ, ವರ್ಷದ ಪ್ಯಾಕೇಜ್ ಕೊಳ್ಳಬೇಡಿ. ಶುರುವಿಗೆ ಮುಂಚೆ ಒಂದೇ ಗುರಿ ಬರೆದಿಡಿ: ಆಸರೆ ಇಲ್ಲದೆ ಸ್ಟೂಲಿನ ಮೇಲೆ ಎಷ್ಟು ಸೆಕೆಂಡ್ ಕೂರುತ್ತಾನೆ, ಕೂತು ಎರಡೂ ಕೈಯಲ್ಲಿ ಲೋಟ ಹಿಡಿಯುತ್ತಾಳೆಯೇ, ಹೀಗೆ. ಅದೇ ಸ್ಟೂಲು, ಅದೇ ಹೊತ್ತು, ಎರಡು ವಾರಕ್ಕೊಮ್ಮೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಕುದುರೆಯಿಂದ ಇಳಿದ ಕೂಡಲೇ ಅಲ್ಲ, ಮರುದಿನ. ಇಳಿದ ಕೂಡಲೇ ಎಲ್ಲ ಮಕ್ಕಳೂ ಚೆನ್ನಾಗಿಯೇ ಕೂರುತ್ತಾರೆ.

ಬಿಗಿ ಸ್ನಾಯು ಸಡಿಲಿಸಲು ಬೋಟಾಕ್ಸ್ ಇಂಜೆಕ್ಷನ್ ಕೊಡಿಸುವ ತಿಂಗಳಲ್ಲೇ ಕುದುರೆ ಶುರು ಮಾಡಬೇಡಿ. ಇಂಜೆಕ್ಷನ್ನಿನ ಪ್ರಭಾವ ಮೂರು ನಾಲ್ಕು ತಿಂಗಳು ಇರುತ್ತದೆ, ಯಾವುದು ಕೆಲಸ ಮಾಡಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಥೆರಪಿಸ್ಟೇ ಎರಡನ್ನೂ ಜೋಡಿಸಿ ಯೋಜಿಸಿದ್ದರೆ ಮಾತು ಬೇರೆ.

ಹತ್ತು ವಾರದ ವಿಡಿಯೋಗಳನ್ನು ನಿಮ್ಮ ಹಳೆಯ ಫಿಜಿಯೋಗೆ ತೋರಿಸಿ, ಕುದುರೆ ಕೇಂದ್ರದವರಿಗಲ್ಲ. ಬದಲಾವಣೆ ಕಂಡರೆ ಇನ್ನೊಂದು ಸುತ್ತು. ಕಾಣದಿದ್ದು ಮಗು ಮಾತ್ರ ಶನಿವಾರ ಬಂತೆಂದರೆ ಹೆಲ್ಮೆಟ್ ಹುಡುಕುತ್ತಿದ್ದರೆ, ಥೆರಪಿಯ ಲೆಕ್ಕದಿಂದ ತೆಗೆದು ಸವಾರಿ ತರಗತಿಗೆ ಸೇರಿಸಿ. ತಿಂಗಳಿಗೆರಡು ಸಲ ಸಾಕು, ಉಳಿದ ದುಡ್ಡು ಫಿಜಿಯೋಗೆ ಇರಲಿ.